ಹಿತ್ತಲಿಗೆ ಮರಳಬೇಕಿದ್ದ ಚೂರು

ನಿಪ್ಪಾಣಿಯ ನಮ್ಮ ಮನೆಗೆ ಹೊರಗಿನವರು ಯಾರೇ ಬಂದರೂ ಹೊಸ್ತಿಲು ದಾಟುವ ಮೊದಲೇ ಸೀನುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಅವ್ವ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಜರಡಿ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅವಳ ಸೆರಗು, ಕೂದಲು, ಉಗುರಿನ ಸಂದಿಗಳ ಜೊತೆ ಆ ಪುಡಿಯೂ ಮನೆಗೆ ಬರುತ್ತಿತ್ತು. ನಾನು ಹೊಟ್ಟೆಯಲ್ಲಿದ್ದಾಗಲೂ ಎಂಟನೇ ತಿಂಗಳವರೆಗೆ ಹೋಗಿದ್ದಳಂತೆ. ನನಗೆ ಇವತ್ತಿಗೂ ತಂಬಾಕಿನ ವಾಸನೆ ತಿಳಿಯುವುದಿಲ್ಲ. ಸೀದ ಹಾಲು, ಸೋರಿದ ಗ್ಯಾಸು, ಮಳೆಗೆ ನೆಂದ ನಾಯಿ ಎಲ್ಲ ತಿಳಿಯುತ್ತದೆ. ಲ್ಯಾಬಿನ ಗೆಳತಿಯೊಬ್ಬಳು ನಂಬದೆ, ನನ್ನ ಕಣ್ಣು ಕಟ್ಟಿ ತಂಬಾಕಿನ ಎಲೆ ಮೂಗಿಗೆ ಹಿಡಿದಿದ್ದಳು. ಅದನ್ನು ಯಾವಾಗ ಹಿಡಿಯುತ್ತಾಳೋ ಎಂದು ನಾನು ಕಾಯುತ್ತಲೇ ಇದ್ದೆ.

ಇಂಥ ಮೂಗಿನವಳು ಸಂಶೋಧನೆಗೆ ಆರಿಸಿಕೊಂಡದ್ದೂ ತಂಬಾಕನ್ನೇ. ತಾಯಿ ಬಸುರಿಯಿದ್ದಾಗ ತಂಬಾಕಿನ ಧೂಳಿನಲ್ಲಿ ಕೆಲಸ ಮಾಡಿದರೆ ಕೂಸಿನ ಜೀನ್‌ಗಳ ಮೇಲೆ ಏನಾದರೂ ಗುರುತು ಬೀಳುತ್ತದೆಯೇ ಎಂಬುದು ನನ್ನ ಪ್ರಶ್ನೆ. ಜೀನ್ ಬದಲಾಗುವುದಿಲ್ಲ, ಅದರ ಮೇಲೆ ಮೀಥೈಲ್ ಎಂಬ ಒಂದು ಸಣ್ಣ ಗುಂಪು ಹೋಗಿ ಕೂರುತ್ತದೆ ಅಥವಾ ಕೂರದೆ ಬಿಡುತ್ತದೆ, ಅಷ್ಟೇ. ಅವ್ವನಿಗೆ ಹೀಗೆ ಹೇಳಿದ್ದೆ: ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತುಬಿಟ್ಟರೆ ಒಳಗೆ ಜೋಳ ಇದ್ದೂ ರೊಟ್ಟಿ ಆಗುವುದಿಲ್ಲವಲ್ಲ, ಹಾಗೆ. "ಮುಚ್ಚಳಕ್ಕ ಒಂದ ಗುದ್ದ ಹಾಕಬೇಕವಾ" ಎಂದಳು ಅವ್ವ. ಅದಕ್ಕೇ ಇಷ್ಟು ವರ್ಷ ಓದುತ್ತಿದ್ದೇನೆ ಎಂದೆ.

ಗುರುತು ಹುಡುಕಲು ಮಾಸು ಬೇಕು. ಹೆರಿಗೆಯಾದ ಮೇಲೆ ಕೂಸಿನ ಹಿಂದೆಯೇ ಬೀಳುವ ಮಾಸಿನಿಂದ ಹುಣಸೆ ಬೀಜದಷ್ಟು ಚೂರು ಕತ್ತರಿಸಿ, ತೊಳೆದು, ಪುಟ್ಟ ಟ್ಯೂಬಿಗೆ ಹಾಕಿ, ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಇಳಿಸಬೇಕು. ಚಿಕ್ಕೋಡಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಈ ಕೆಲಸ ಮಾಡುತ್ತಿದ್ದೆ. ನಮ್ಮ ಕಡೆ ಅಂಥ ಕ್ಯಾನು ಹೊತ್ತು ತಿರುಗುವವರು ಎಮ್ಮೆ ಆಕಳಿಗೆ ಇಂಜೆಕ್ಷನ್ ಮಾಡಿ ಗಬ್ಬ ಕಟ್ಟಿಸುವವರು. ನೈಟ್ರೋಜನ್ ಕೂಡ ನಾನು ಸದಲಗಾದಲ್ಲಿ ಅವರಿಂದಲೇ ತರುತ್ತಿದ್ದೆ. ಹಾಗಾಗಿ ಬಸ್ಸಿಳಿದು ಬರುವಾಗ ಆಸ್ಪತ್ರೆಯ ಎದುರಿನ ಚಹಾದಂಗಡಿಯವನು ದಿನಾ ಕೂಗುತ್ತಿದ್ದ, "ಎಮ್ಮಿ ಡಾಕ್ಟರ್ ಬಂದ್ರು ನೋಡ್ರಿ!"

ಮಾಸು ಕೇಳಿ ಪಡೆಯುವುದು ಸುಲಭವಿರಲಿಲ್ಲ. ಇಲ್ಲಿ ಮಾಸನ್ನು ಆಸ್ಪತ್ರೆಯ ಕಸದ ಬುಟ್ಟಿಗೆ ಬಿಡುವುದಿಲ್ಲ. ಗಡಿಗೆಯಲ್ಲಿ ಹಾಕಿಸಿಕೊಂಡು ಮನೆಗೆ ಒಯ್ದು, ಅರಿಷಿಣ ಕುಂಕುಮ ಹಚ್ಚಿ, ಬೇವಿನ ಸೊಪ್ಪು ಹಾಕಿ ಹಿತ್ತಲಲ್ಲಿ ಹುಗಿಯುತ್ತಾರೆ. ಮೇಲೊಂದು ಕಲ್ಲು. ಹನ್ನೊಂದು ದಿನ ಬಾಣಂತಿಯ ಸ್ನಾನದ ನೀರು ಅದರ ಮೇಲೆಯೇ ಹರಿಯಬೇಕು. ಚೂರು ತೆಗೆದುಕೊಳ್ಳುತ್ತೇನೆ ಎಂದರೆ ಹೆಂಗಸರು ಮೊದಲು ನನ್ನ ಕೈ ನೋಡುತ್ತಿದ್ದರು, ಆಮೇಲೆ ಮುಖ. ಬೇಕೆಂದಾಗ ಉಳಿದದ್ದನ್ನು ಮರಳಿಸುತ್ತೇನೆ ಎಂದು ಫಾರ್ಮಿನಲ್ಲೇ ಬರೆಸಿದ್ದೆ. ಯಾರು ಕೇಳಲು ಬರುತ್ತಾರೆ ಎಂಬ ಧೈರ್ಯ ನನ್ನದು.

ಒಂದು ದಿನ ನಾನು ನೈಟ್ರೋಜನ್ ತರಲು ಸದಲಗಾಕ್ಕೆ ಹೋಗಿದ್ದಾಗ ಆಸ್ಪತ್ರೆಯಲ್ಲಿ ನಾಲ್ಕು ಹೆರಿಗೆಗಳಾದವು. ನನ್ನ ಪರವಾಗಿ ಅಲ್ಲಿನ ನರ್ಸೇ ಇಬ್ಬರ ಮನೆಯವರಿಂದ ಫಾರ್ಮು ತುಂಬಿಸಿ, ಚೂರುಗಳನ್ನು ತೆಗೆದಿಟ್ಟಿದ್ದಳು. ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಕಿಟಕಿ ಪಕ್ಕದ ಬಾಣಂತಿ ಕೈ ಸನ್ನೆ ಮಾಡಿ ಕರೆದಳು. ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ತವರು ಕರೋಶಿ, ಕೊಟ್ಟದ್ದು ನಿಪ್ಪಾಣಿ ಕಡೆಗೆ. ಮಗ್ಗುಲಲ್ಲಿ ಹೆಣ್ಣುಕೂಸು ಮಲಗಿತ್ತು. ಆಕೆಯ ತಾಯಿ ಬಿಸಿನೀರು ತರಲು ಹೋಗಿದ್ದಳು.

"ಅಕ್ಕಾರ, ತಂಬಾಕದ ಮಂದೀದು ಪರೀಕ್ಷಾ ಮಾಡ್ತೀರಂತಲ್ರಿ? ನಂದೂ ಬರಕೋರಿ," ಎಂದಳು. "ನಾ ಏಳ ತಿಂಗಳ ತನಕ ವಖಾರಿಗೆ ಹೋಗೇನ್ರಿ. ಆದ್ರ ನಮ್ಮವ್ವಗ ಹೇಳಬ್ಯಾಡ್ರಿ. ಅಂಥಾ ಕೆಲಸಕ್ಕ ಕಳಸೂದಿಲ್ಲ ಅಂತ ಮಾತ ತಗೊಂಡs ಆಕಿ ನನ್ನ ಕೊಟ್ಟಿದ್ದು."

ನಾನು ಹೊಸ ಫಾರ್ಮು ತೆಗೆದು ಹೆಸರು ಕೇಳಿದೆ. ಹೇಳಿದಳು. ತಂಬಾಕಿನ ಕೆಲಸ: ಹೌದು. ಫೋನ್ ನಂಬರು ಬರೆಸಿ ಸಹಿಯನ್ನೂ ಮಾಡಿದಳು. ನರ್ಸಿನ ಬಳಿ ಈಕೆಯ ಚೂರು ಇದ್ದೇ ಇರುತ್ತದೆ ಎಂದುಕೊಂಡೆ. "ಏನರ ತಿಳೀತಂದ್ರ ನನಗೊಬ್ಬಾಕಿಗೆ ಹೇಳ್ರಿ," ಎಂದಳು. ಕೂಸು ಆಕಳಿಸಿತು. ಅದರ ಬಾಯಿ ಅಷ್ಟು ಸಣ್ಣದು, ನನಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೂರನೇ ದಿನ ಆ ಕೂಸು ಹೋಯಿತು. ಯಾಕೆಂದು ಯಾರೂ ಸರಿಯಾಗಿ ಹೇಳಲಿಲ್ಲ.

ಎರಡು ವಾರದ ಮೇಲೆ ಆಕೆಯ ತಾಯಿ, ಕಿಟಕಿ ಪಕ್ಕದ ಬಾಣಂತಿಯ ಅವ್ವ ಎಂದಷ್ಟೇ ಗುರುತು ಹೇಳಿ, ಫೋನ್ ಮಾಡಿದಳು. ಮಾಸನ್ನು ಹಿತ್ತಲಲ್ಲಿ ಹುಗಿದಿದ್ದಾರೆ, ಆದರೆ ಒಂದು ಚೂರು ನನ್ನ ಬಳಿ ಉಳಿದಿದೆ ಎಂದಳು. ಕೂಸು ಹೋದ ಮೇಲೆ ಅದರದೊಂದು ತುಣುಕು ಹೊರಗೆ ಉಳಿಯಬಾರದು. ಉಳಿದರೆ ಅದು ಹಾದಿ ತಪ್ಪಿ ತಾಯಿಯನ್ನೇ ಹುಡುಕುತ್ತ ಬರುತ್ತದೆ. "ಮಗಳ ಎದ್ದ ಕುಂದರತಾಳ್ರಿ ಬಾಯಾರ. ಯಾರೋ ಅಳಾಕತ್ತಾರ ಅಂತಾಳ. ಅದೊಂದು ಕೊಟ್ಟಬಿಡ್ರಿ, ಕಲ್ಲು ಸರಿಸಿ ಕಾಯಾಕತ್ತೇವಿ." ನಾಳೆಯೇ ತರುತ್ತೇನೆ ಎಂದೆ.

ಲ್ಯಾಬಿಗೆ ಹೋಗಿ ಫ್ರೀಜರ್ ತೆರೆದೆ. ನಾನು ತುಂಬಿಸಿದ ಫಾರ್ಮಿನಲ್ಲಿದ್ದ ಹೆಸರಿನ ಟ್ಯೂಬು ಇರಲಿಲ್ಲ. ಆ ದಿನದ ಎರಡು ಟ್ಯೂಬುಗಳ ಮೇಲೂ ಬೇರೆ ಹೆಸರುಗಳಿದ್ದವು. ಎರಡಕ್ಕೂ ನರ್ಸು ತುಂಬಿಸಿದ ಫಾರ್ಮುಗಳಿದ್ದವು, ಎರಡರಲ್ಲೂ ತಂಬಾಕು ಇಲ್ಲ, ಕೂಸು ಜೀವಂತ ಎಂದಿತ್ತು. ಪೆಟ್ಟಿಗೆ ಪೆಟ್ಟಿಗೆಯನ್ನೂ ಹೊರಗೆಳೆದೆ. ಬೆರಳು ಮರಗಟ್ಟುವವರೆಗೆ ಹುಡುಕಿದೆ. ನರ್ಸು ಈಕೆಯ ಚೂರನ್ನು ತೆಗೆದೇ ಇಲ್ಲ ಎಂದು ತೀರ್ಮಾನಿಸಿದೆ. ಫೋನ್ ಮಾಡಿ, "ಕಾಕೂ, ನಮ್ಮ ಕಡೆ ಏನೂ ಇಲ್ಲ. ತಗೊಂಡs ಇಲ್ಲ," ಎಂದೆ. ಆ ಕಡೆ ಫೋನು ಮಗಳ ಕೈಗೆ ಹೋಯಿತು.

"ಐತ್ರಿ. ಹುಡುಕ್ರಿ," ಎಂದಷ್ಟೇ ಹೇಳಿ ಇಟ್ಟಳು.

ಆ ಎರಡು ಮಾತು ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ನಂಬುವವರ ಮೇಲೆ ರೇಗುವವಳು. ಆದರೂ ಫ್ರೀಜರಿನ ಬಾಗಿಲಿಗೆ ಕೈ ಹಾಕಿದಾಗಲೆಲ್ಲ ಹಿಮದ ಪುಡಿಯ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಅನಿಸುತ್ತಿತ್ತು. ಮಟಮಟ ಮಧ್ಯಾಹ್ನ, ಸುತ್ತ ನಾಲ್ಕು ಜನ ಹರಟೆ ಹೊಡೆಯುತ್ತಿರುವಾಗ, ಆ ಯಂತ್ರದ ಗುಂಯ್‌ಗುಡುವಿಕೆಯೊಳಗೆ ಬೇರೊಂದು ದನಿ ಕೇಳುತ್ತಿತ್ತು. ನನಗೆ ಭಯವಾಗುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಇನ್ನೊಂದು ಕಾಟವೂ ಶುರುವಾಯಿತು. ಫಲಿತಾಂಶಗಳನ್ನು ಗ್ರಾಫಿನಲ್ಲಿ ಹಾಕಿದಾಗ ತಂಬಾಕು ಮುಟ್ಟದವರ ಚುಕ್ಕಿಗಳು ಒಂದು ಕಡೆ, ಮುಟ್ಟಿದವರವು ಸ್ವಲ್ಪ ಮೇಲೆ ಗುಂಪಾದವು. ಮುಟ್ಟದವರ ಪೈಕಿ ಒಂದೇ ಒಂದು ಚುಕ್ಕಿ ತನ್ನ ಗುಂಪು ಬಿಟ್ಟು ಮುಟ್ಟಿದವರ ನಡುವೆ ಹೋಗಿ ಕೂತಿತ್ತು. ಮತ್ತೆ ಮಾಡಿದೆ, ಅಲ್ಲೇ ಕೂತಿತು. ಮೂರನೇ ಸಲವೂ ಅಲ್ಲೇ. ನನ್ನ ಸಂಶೋಧನೆಯ ಗೈಡ್ ಆಗಿದ್ದ ನಮ್ಮ ಸರ್ ನೋಡಿ, "ಇದು ಏನೋ ಹೇಳ್ತಿದೆ. ನೀನು ಕೇಳಿಸಿಕೊಳ್ತಿಲ್ಲ," ಎಂದರು. ನನಗೆ ಸಿಟ್ಟು ಬಂತು. ಎಲ್ಲರೂ ನನಗೆ ಕೇಳಿಸಿಕೊಳ್ಳಲು ಹೇಳುವವರೇ ಆದರು.

ಈ ಒಗಟು ಬಿಡಿಸಿದ್ದು ಅವ್ವ. ಊರಿಗೆ ಹೋಗಿದ್ದಾಗ ಬ್ಯಾಂಕಿನ ಅರ್ಜಿಯೊಂದನ್ನು ಅವಳಿಗಾಗಿ ತುಂಬುತ್ತಿದ್ದೆ. ಹೆಸರಿನ ಜಾಗದಲ್ಲಿ ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವ ಹೆಸರು ಬರೆದೆ. ಅವ್ವ ಇಣುಕಿ, "ಅದಲ್ಲಬೇ. ಆಧಾರದಾಗ ತವರಮನಿ ಹೆಸರ ಐತಿ. ಇದು ನಿಮ್ಮಪ್ಪ ಇಟ್ಟಿದ್ದು," ಎಂದಳು.

ನನ್ನ ಕೈ ಅಲ್ಲೇ ನಿಂತಿತು.

ಈ ಗಡಿ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ವರ ಉಂಗುರದ ತುದಿಯಿಂದ ವಧುವಿಗೆ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಗಂಡನ ಮನೆಯಲ್ಲಿ ಅವಳು ಬೇರೆಯವಳೇ. ತವರಿನಲ್ಲಿ ಹಳೆಯ ಹೆಸರೇ ನಡೆಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇ? ನನ್ನ ಹೆತ್ತವಳಿಗೇ ಎರಡು ಹೆಸರು! ಮದುವೆಯಾಗದ ನಾನು ಒಂದೇ ಹೆಸರಲ್ಲಿ ಬದುಕುತ್ತ, ಎಲ್ಲರಿಗೂ ಒಂದೇ ಎಂದುಕೊಂಡು ಟ್ಯೂಬುಗಳ ಮೇಲೆ ಅಂಟಿಸುತ್ತ ಹೋಗಿದ್ದೆ. ಆ ದಿನ ಆಸ್ಪತ್ರೆಯಲ್ಲಿ ನರ್ಸಿಗೆ ಉತ್ತರ ಕೊಟ್ಟವಳು ಆಕೆಯ ತಾಯಿ. ಮಗಳ ತವರಿನ ಹೆಸರು ಹೇಳಿದ್ದಳು. ನನ್ನ ಮಗಳು ತಂಬಾಕು ಮುಟ್ಟುವವಳಲ್ಲ ಎಂದೂ ಬರೆಸಿದ್ದಳು. ಕೂಸು ಆಗಿನ್ನೂ ಬದುಕಿತ್ತು. ಮರುದಿನ ಮಗಳು ನನಗೆ ಹೇಳಿದ್ದು ಗಂಡನ ಮನೆಯ ಹೆಸರು. ಲ್ಯಾಬಿಗೆ ಓಡಿ ಎರಡೂ ಫಾರ್ಮು ಪಕ್ಕಪಕ್ಕ ಇಟ್ಟೆ. ಫೋನ್ ನಂಬರು ಒಂದೇ. ಆ ಹಟಮಾರಿ ಚುಕ್ಕಿಯ ಟ್ಯೂಬು ಅದೇ. ಎರಡು ವರ್ಷ ಅದು ನನ್ನ ಕೈಯಳತೆಯಲ್ಲೇ ಇತ್ತು, ನಾನೇ ಅದನ್ನು ಮೂರು ಸಲ ಕತ್ತರಿಸಿ ಪರೀಕ್ಷೆ ಮಾಡಿದ್ದೆ. ಅತ್ತುಬಿಟ್ಟೆ.

ಸರ್‌ಗೆ ಎಲ್ಲ ಹೇಳಿದೆ. ಆ ಚುಕ್ಕಿಯನ್ನು ಅಧ್ಯಯನದಿಂದ ತೆಗೆದೆವು. ಉಳಿದ ಚೂರನ್ನೂ, ಅದರಿಂದ ಬೇರ್ಪಡಿಸಿದ ಡಿಎನ್ಎಯ ಒಂದು ಹನಿಯನ್ನೂ ಐಸಿನ ಡಬ್ಬಿಯಲ್ಲಿಟ್ಟುಕೊಂಡು ಕರೋಶಿಯ ಬಸ್ಸು ಹತ್ತಿದೆ.

ತವರಿಗೆ ಬಂದಿದ್ದಳು ಆಕೆ, ತುಂಬಿದ ಬಸುರಿ. ಕಟ್ಟೆಯ ಮೇಲೆ ಕೂತಿದ್ದವಳು ನನ್ನ ಡಬ್ಬಿ ನೋಡಿ ಎದ್ದು ನಿಂತಳು. ಆಶ್ಚರ್ಯಪಡಲಿಲ್ಲ. ನಾನು ತಪ್ಪಾಯಿತು ಎಂದು ಶುರು ಮಾಡಿದೆ. ಆಕೆಯ ತಾಯಿ ಪೂರ್ತಿ ಕೇಳದೆ ಸಲಿಕೆ ತರಲು ಒಳಗೆ ಹೋದಳು. "ಎರಡನೇದು ಬರೂದರೊಳಗ ಬಂತಲ್ಲ, ಸಾಕ," ಎಂದಳು ಹೋಗುತ್ತ.

ಇಬ್ಬರೇ ಉಳಿದೆವು. ಆಕೆ ದನಿ ತಗ್ಗಿಸಿದಳು. "ಏನ್ ತಿಳೀತ್ರಿ? ನನ್ನ ಕೈಲೇನ ಆತೇನು?"

ಇದಕ್ಕಾಗಿ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. "ತಂಬಾಕ ಮುಟ್ಟಿದವರ ಗುರುತು ಇದರಾಗೂ ಐತಿ ತಂಗಿ, ಸುಳ್ಳ ಹೇಳೂದಿಲ್ಲ," ಎಂದೆ. "ಆದ್ರ ಕೂಸು ಅದರಿಂದನ ಹೋತು ಅಂತ ಇದು ಹೇಳೂದಿಲ್ಲ. ಅಂಥಾ ಗುರುತು ಇದ್ದವರು ಎಷ್ಟೋ ಮಂದಿ ಬದಕ್ಯಾರ. ನಮ್ಮವ್ವನೂ ವಖಾರಿಗೆ ಹೋದಾಕಿ. ನಾ ನಿನ್ನ ಮುಂದ ನಿಂತೇನಿ ನೋಡು."

ಆಕೆ ನನ್ನನ್ನು ನೋಡಿದಳು. ನಿಜಕ್ಕೂ ನಿಂತಿದ್ದೇನೆಯೇ ಎಂದು ಪರೀಕ್ಷಿಸುವವಳಂತೆ ಬಹಳ ಹೊತ್ತು ನೋಡಿದಳು. "ಈ ಸಲ ಮುಟ್ಟಿಲ್ರಿ. ಖರೇನ," ಎಂದಳು.

ಹಿತ್ತಲಲ್ಲಿ ತಾಯಿ ಕಲ್ಲು ಸರಿಸಿ ಗುಂಡಿ ತೋಡಿದಳು. ಮೊದಲು ಡಿಎನ್ಎಯ ಹನಿ ತೋರಿಸಿದೆ. ನೀರಿನಷ್ಟೇ ತಿಳಿಯಾಗಿತ್ತು. "ಇದೂ ಆಕೀದೇನ್ರಿ?" ಎಂದಳು ತಾಯಿ. ಹೌದು ಎಂದೆ. ಅದನ್ನು ಮಣ್ಣಿಗೆ ಬಿಟ್ಟೆವು. ಆಮೇಲೆ ಚೂರು. ಮಗಳು ಅಂಗೈ ಚಾಚಿದಳು. ಐಸು ಕರಗಿ ಮೆತ್ತಗಾಗಿದ್ದ ಅದನ್ನು ಇಟ್ಟೆ. ಈಗ ಅದು ಹುಣಸೆ ಬೀಜದ ಅರ್ಧದಷ್ಟೂ ಇರಲಿಲ್ಲ. ಆಕೆ ಅದನ್ನು ಮುಖದ ಹತ್ತಿರ ತಂದು ಮೂಸಿದಳು. ಮತ್ತೊಮ್ಮೆ ಮೂಸಿದಳು. ತಾಯಿ ಬೇವಿನ ಸೊಪ್ಪು ಕೀಳುತ್ತ ಬೆನ್ನು ತಿರುಗಿಸಿದ್ದಳು.

ಆಕೆ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ವಖಾರಿ ವಾಸನಿ ಬರ್ತೈತೇನ್ರಿ ಅಕ್ಕಾರ? ನನಗ ಬಂದಂಗ ಆಗ್ತೈತಿ. ನೀವ ಹೇಳ್ರಿ."

ನಾನು ಉಸಿರೆಳೆದುಕೊಂಡೆ. ರಕ್ತದ ವಾಸನೆ, ಪ್ಲಾಸ್ಟಿಕ್ಕಿನ ವಾಸನೆ, ಹಸಿ ಮಣ್ಣಿನದು, ಬೇವಿನದು.

"ಇಲ್ಲ," ಎಂದೆ. "ಏನೂ ಇಲ್ಲ."

ಆಕೆಯ ಭುಜ ಇಳಿಯಿತು. ಕೂತು, ಚೂರನ್ನು ತಾನೇ ಗುಂಡಿಗೆ ಇಟ್ಟು, ಮಣ್ಣೆಳೆದು, ಕಲ್ಲು ಮುಚ್ಚಿದಳು. ಆಮೇಲೆ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಅತ್ತಳು. ಎರಡು ವರ್ಷದಲ್ಲಿ ಮಗಳು ಅತ್ತದ್ದು ಇದೇ ಮೊದಲು ಎಂದು ತಾಯಿ ನನಗೆ ಹೇಳಿದಳು.

ಕೂಸು ಚೆನ್ನಾಗಿ ಹುಟ್ಟಿತು, ಗಂಡು. ಮಗಳು ಈಗ ನಿದ್ದೆ ಮಾಡುತ್ತಾಳೆ ಎಂದು ತಾಯಿ ಫೋನಿನಲ್ಲಿ ತಿಳಿಸಿದಳು. ನನ್ನ ಮೂಗಿನ ಸಂಗತಿಯನ್ನು ನಾನು ಅವರಿಗೆ ಹೇಳಿಲ್ಲ.