ಟಾರ್ಚಿನ ಮೂತಿಯಲ್ಲಿ ಗಂಧ

ವಿಜಯದಶಮಿಯ ಬೆಳಿಗ್ಗೆ ಅಮ್ಮ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ನಾಲ್ಕು ದಿನ ಕಳೆಯಿತು. ನಾಳೆ ಮನೆಗೆ ಕಳಿಸುತ್ತೇವೆ, ಅಷ್ಟರೊಳಗೆ ಬಚ್ಚಲುಮನೆಯಲ್ಲಿ ಹಿಡಿದುಕೊಳ್ಳಲು ಗಟ್ಟಿ ಕಂಬಿ ಹಾಕಿಸಿ ಎಂದರು ಡಾಕ್ಟರು. ಹಾಕಿಸುವುದೇನು ಬಂತು, ಚಾಮರಾಜಪೇಟೆಯಲ್ಲಿ ಕಂಡವರಿಗೆಲ್ಲ ಗೇಟು, ಗ್ರಿಲ್ಲು ಮಾಡಿಕೊಡುವವನು ನಾನೇ. ಆಯುಧಪೂಜೆಯಿಂದ ಮುಚ್ಚಿದ್ದ ಶೆಡ್ಡಿನ ಷಟರ್ ಎತ್ತಿ, ಪೈಪು ಕತ್ತರಿಸಿ, ಮಿಗ್ ವೆಲ್ಡಿಂಗ್ ಮೆಷಿನ್ ಆನ್ ಮಾಡಿದೆ.

ಮೊದಲ ಬೆಸುಗೆಯೇ ಸೆಟ್ ದೋಸೆ. ಮೈಯೆಲ್ಲ ತೂತು! ಕರಗಿದ ಲೋಹಕ್ಕೆ ಗಾಳಿ ತಾಗದಂತೆ, ಬೆಸೆಯುವಾಗ ಕೈಯಲ್ಲಿ ಹಿಡಿಯುವ ಟಾರ್ಚಿನ ಮೂತಿಯಿಂದ ಗ್ಯಾಸ್ ಬರುತ್ತಿರಬೇಕು. ಅದು ಕಮ್ಮಿಯಾದರೆ, ಇಲ್ಲವೇ ಪೈಪಿನ ಮೇಲೆ ಎಣ್ಣೆ, ತುಕ್ಕು ಇದ್ದರೆ ಹೀಗಾಗುತ್ತದೆ. ಅಂಥ ಬೆಸುಗೆಯನ್ನು ನಂಬಿ ಅಮ್ಮನನ್ನು ನಿಲ್ಲಿಸುವುದು ಹೇಗೆ? ಇನ್ನೊಮ್ಮೆ ಬಿದ್ದರೆ ಅವಳು ಏಳುವುದಿಲ್ಲ.

ಗ್ರೈಂಡರ್ ಹಿಡಿದು ಎಲ್ಲ ತೆಗೆದೆ. ಪೈಪನ್ನು ಉಜ್ಜಿ ಥಿನ್ನರಿನಲ್ಲಿ ಒರೆಸಿದೆ. ಮತ್ತೆ ತೂತು. ಫ್ಯಾನ್ ಆರಿಸಿ, ಷಟರ್ ಅರ್ಧ ಇಳಿಸಿದೆ. ಮತ್ತೂ ತೂತು. ಸಿಲಿಂಡರಿನ ಮೀಟರ್ ಮುಳ್ಳು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಗ್ಯಾಸ್ ಏಜೆನ್ಸಿಯವರಿಗೆ ಫೋನ್ ಮಾಡಿ, "ಏನ್ರೀ, ಗ್ಯಾಸ್ ಕಳ್ಸಿದೀರೋ ಗೋಲಿ ಸೋಡಾ ಕಳ್ಸಿದೀರೋ?" ಎಂದು ಕೂಗಾಡಿದೆ.

"ಮೂತಿ ಒಂದ್ಸಲ ಬಿಚ್ಚಿ ನೋಡ್ಬಿಡಿ ಸಾರ್, ಆಮೇಲೆ ಬೈಯ್ಯೋರಂತೆ," ಎಂದರು ಏಜೆನ್ಸಿಯವರು, ಪಾಪ.

ಗೊಣಗುತ್ತಲೇ ಬಿಚ್ಚಿದೆ. ಒಳಗೆ ಗ್ಯಾಸ್ ಬರುವ ಸಣ್ಣ ಕಿಂಡಿಗಳಿಗೆ ಏನೋ ಮೆತ್ತಿಕೊಂಡಿತ್ತು. ಸುಟ್ಟು ಕರ್ರಗಾಗಿದ್ದರೂ ವಾಸನೆ ಹೋಗಿರಲಿಲ್ಲ. ಗಂಧ! ಆಯುಧಪೂಜೆಗೆ ಶೆಡ್ಡಿನ ಸಾಮಾನಿಗೆಲ್ಲ ಗಂಧ ಕುಂಕುಮ ಇಡುವವಳು ಅಮ್ಮ. ಪ್ರತಿ ವರ್ಷ ಟಾರ್ಚಿನ ಹಿಡಿಗೆ ಇಡುತ್ತಿದ್ದವಳು ಈ ಸಲ ಮೂತಿಯೊಳಗೇ ಮೆತ್ತಿದ್ದಳು. ಊಟ ತಂದಿದ್ದ ಹೆಂಡತಿಗೆ ತೋರಿಸಿ ನಕ್ಕೆ. ಅವಳು ನಗಲಿಲ್ಲ.

"ರೀ, ಅತ್ತೆಗೆ ಕಣ್ಣು ಕಾಣ್ತಿಲ್ಲ ಕಣ್ರೀ. ಹಬ್ಬಕ್ಕೆ ಮುಂಚೆ ಮೊಸರಿನ ಪ್ಯಾಕೆಟ್‌ನ ಹಾಲು ಅಂತ ಕಾಯಕ್ಕೆ ಇಟ್ಟಿದ್ರು. ನಾನು ಮರೆವು ಅನ್ಕೊಂಡಿದ್ದೆ."

ಅಮ್ಮ ಬಿದ್ದದ್ದಕ್ಕೆ ನಾವೆಲ್ಲ ಅಲ್ಲಿಯವರೆಗೆ ಬಚ್ಚಲಿನ ನೆಲವನ್ನೇ ಬೈಯುತ್ತಿದ್ದೆವು.

ಕಿಂಡಿಗಳನ್ನು ಶುಚಿ ಮಾಡಿ ಬೆಸೆದೆ, ನುಣ್ಣಗೆ ಬಂತು. ಕಂಬಿಯನ್ನು ಗೋಡೆಗೆ ಕೂರಿಸಿ, ನಾನೇ ಜೋತುಬಿದ್ದು ಪರೀಕ್ಷಿಸಿದೆ. ಏಜೆನ್ಸಿಗೆ ಮೈಸೂರ್ ಪಾಕ್ ತೆಗೆದುಕೊಂಡು ಹೋಗಿ ಕೈ ಮುಗಿದು ಬಂದೆ. ಅವರ ಋಣ, ಹೆಂಡತಿಯ ಋಣ ಇದ್ದೇ ಇದೆ. ಆ ದರಿದ್ರ ತೂತುಗಳ ಋಣವೂ ಇದೆ ನನ್ನ ಮೇಲೆ.

ಸೊಂಟ ಕೂಡಿದ ಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿದರೆ, ಅಮ್ಮನ ಎರಡೂ ಕಣ್ಣಿಗೆ ಪೊರೆ. "ಯಾಕಮ್ಮ ಹೇಳ್ಲಿಲ್ಲ?" ಎಂದೆ.

"ವಯಸ್ಸಾದ್ಮೇಲೆ ಎಲ್ರಿಗೂ ಹಿಂಗೇ ಅನ್ಕೊಂಡೆ ಕಣೋ."

ಎರಡನೆಯ ಕಣ್ಣಿನ ಆಪರೇಷನ್ನೂ ಮುಗಿದು ಕಟ್ಟು ಬಿಚ್ಚಿದ ದಿನ ಅಮ್ಮ ಕಂಬಿ ಹಿಡಿದು ಒಬ್ಬಳೇ ಬಚ್ಚಲುಮನೆಗೆ ಹೋದಳು. ನಾನು ಹೊರಗೇ ನಿಂತಿದ್ದೆ. ಬಂದವಳೇ ನನ್ನ ಮುಖ ನೋಡುತ್ತ ನಿಂತುಬಿಟ್ಟಳು. ಆಮೇಲೆ ನನ್ನ ತಲೆ ಸವರಿದಳು.

"ಅಯ್ಯೋ ನನ್ನಪ್ಪ, ಯಾವಾಗೋ ಇಷ್ಟೊಂದು ಬೆಳ್ಳಗಾಯ್ತು ನಿನ್ ಕೂದ್ಲು?"