ಏಳನೆಯ ತಿರುವಿನ ಗುಲಾಬಿ ಬಾವುಟ

ಆರ್ಡೆನ್ ಕಾಡನ್ನು ಹಾದುಹೋಗುವ ನಮ್ಮೂರ ಕಾರ್ ರೇಸಿನ ಪಥದಲ್ಲಿ ಏಳನೆಯ ತಿರುವಿನ ಬಾವುಟಸೇವೆ ಒಕ್ತಾವ್ ಲಾಂಬಿಯೊನದು. ಮೂವತ್ತೊಂದು ವರ್ಷಗಳಿಂದಲೂ ಅವನದೇ. ವೃತ್ತಿಯಿಂದ ಅವನು ಗಡಿಯಾರ ರಿಪೇರಿ ಮಾಡುವವನು. ಬಾವುಟ ಬೀಸುವುದಕ್ಕೆ ಸಂಬಳವಿಲ್ಲ, ಮಧ್ಯಾಹ್ನಕ್ಕೊಂದು ಪೊಟ್ಟಣ ಕರಿದ ಆಲೂಗಡ್ಡೆಯಷ್ಟೆ. ಆದರೂ ಏಕಾದಶಿ ಹಿಡಿದವರ ನಿಷ್ಠೆ ಅವನದು. ಮನೆಯಲ್ಲಿ ಸೂಪು ಚೆಲ್ಲಿದರೂ ಅಪಾಯದ ಸೂಚನೆಯಾಗಿ ಹಳದಿ ಕರವಸ್ತ್ರ ಬೀಸುವನು. ನೆಲ ಒರೆಸಿ ಹಸಿರನ್ನು ತೋರಿಸುವವರೆಗೆ ಹೆಂಡತಿಯೂ ಅಡುಗೆಮನೆಯನ್ನು ದಾಟುವಂತಿಲ್ಲ.

ಆ ವರ್ಷದ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಷಿಪ್ಪಿಗೆ ಐದು ಪಂದ್ಯಗಳು. ಏಪ್ರಿಲಿನ ಮೊದಲ ಪಂದ್ಯದಲ್ಲಿ ಒಕ್ತಾವನು ಆಲೂಗಡ್ಡೆ ತಿಂದು ಆ ಹಳದಿ ಕರವಸ್ತ್ರದಿಂದಲೇ ಬಾಯಿ ಒರೆಸಿಕೊಂಡನು. ಅಪಾಯದ ಬಾವುಟವೆಂದು ಬಗೆದು ಮೂರು ಕಾರುಗಳು ವೇಗ ತಗ್ಗಿಸಿದವು. ಬಾವುಟಗಾರರ ಮುಖ್ಯಸ್ಥೆ ಪಿರೊತ್ ಅವನನ್ನು ಕರೆಸಿದರು.

“ಇನ್ನೊಂದ್ಸಲ ಹೀಗಾದ್ರೆ ನೀವು ಪಾರ್ಕಿಂಗಲ್ಲಿ ಸೈಕಲ್ ಕಾಯ್ತೀರ, ಒಕ್ತಾವ್ ಅವರೇ.”

“ಬಾಯಿ ಒರೆಸ್ಕೊಳ್ಳೋದೂ ತಪ್ಪಾ ಮೇಡಂ?”

“ಅಂಗಿ ತೋಳಿಗೆ ಒರೆಸ್ಕೊಳ್ಳಿ. ಅಂಗಿ ಬಣ್ಣ ಮಾತ್ರ ಮೊದಲು ನನಗೆ ತೋರಿಸಿ.”

ಮುಂದಿನ ಮೂರು ಪಂದ್ಯಗಳಲ್ಲಿ ಅವನು ಮರದ ಮರೆಗೆ ಹೋಗಿ ಉಂಡನು. ನಾಲ್ಕನೆಯದು ಮಳೆಯಲ್ಲಿ ನಡೆದು ಬಾವುಟಗಳೆಲ್ಲ ಕೆಸರಾದವು. ಅವರವರ ಬಾವುಟವನ್ನು ಅವರವರೇ ಮನೆಗೊಯ್ದು ಒಗೆಯುವುದು ಇಲ್ಲಿಯ ಪದ್ಧತಿ. ಒಕ್ತಾವನು ದೇವರ ಮಡಿವಸ್ತ್ರದಂತೆ ಒಂದೊಂದನ್ನೂ ಬೇರೆಬೇರೆಯಾಗಿ ಕೈಯಲ್ಲೇ ಒಗೆಯುತ್ತಿದ್ದನು. ಈ ಸಲ ಜ್ವರದಿಂದ ಮಲಗಿದ್ದರಿಂದ ಹೆಂಡತಿ ಲೆಯೊಂತೀನಳು ಕೆಂಪು, ಬಿಳಿ ಎಲ್ಲವನ್ನೂ ಒಟ್ಟಿಗೆ ಯಂತ್ರಕ್ಕೆ ಹಾಕಿದಳು. ಬಿಳಿಯ ಬಾವುಟ ಗುಲಾಬಿಯಾಗಿ ಹೊರಬಂದಿತು.

“ದೂರದಿಂದ ಬಿಳೀನೇ ಕಾಣ್ಸತ್ತೆ ಕಣ್ರೀ.”

“ಎಷ್ಟು ದೂರದಿಂದ?”

“ಹಾಲೆಂಡಿಂದ.”

ಹೊಸದಕ್ಕೆ ಬರೆದರೆ ವಿಷಯ ಪಿರೊತ್ ಅವರಿಗೆ ತಿಳಿಯುವುದು. ಕೊನೆಯ ಪಂದ್ಯದಲ್ಲಿ ಬಿಳಿಯದರ ಅಗತ್ಯವೇ ಬಾರದಿರಲೆಂದು ಅವನು ಚರ್ಚಿನಲ್ಲಿ ಎರಡು ಮೇಣದಬತ್ತಿ ಹಚ್ಚಿದನು.

ಅಕ್ಟೋಬರಿನ ಆ ಪಂದ್ಯದಲ್ಲಿ, ಗೇರು ಕೆಟ್ಟ ಕಾರೊಂದು ಏಳನೆಯ ತಿರುವಿನಾಚೆ ಆಮೆಯಂತೆ ತೆವಳತೊಡಗಿತು. ಮುಂದೆ ನಿಧಾನದ ವಾಹನವಿದೆಯೆಂದು ಸಾರುವುದೇ ಬಿಳಿಯ ಬಾವುಟದ ಕೆಲಸ. ಗುಲಾಬಿಯನ್ನು ತೋರಿಸಿದರೆ ತನ್ನ ತಿರುವಿನ ಸೇವೆ ಕೈತಪ್ಪುವುದು. ತೋರಿಸದಿದ್ದರೆ ಯಾರದೋ ಪ್ರಾಣ. ಒಕ್ತಾವನು ಕಣ್ಣು ಮುಚ್ಚಿ ಗುಲಾಬಿಯನ್ನು ಬೀಸಿದನು.

ಅರ್ಥವಾಗದ ಬಣ್ಣವನ್ನು ಕಂಡು ಇಪ್ಪತ್ತೆರಡು ಕಾರುಗಳೂ ಮದುವೆಯ ಮೆರವಣಿಗೆಯಂತೆ ಮೆಲ್ಲಮೆಲ್ಲನೆ ಸಾಗಿದವು. ತುಂಬುಗರ್ಭಿಣಿಯ ಗಂಡನಾದ ಕೋರ್ನೀಲ್ ಎಂಬ ಚಾಲಕನಂತೂ, ಇಲ್ಲಿ ಗುಲಾಬಿ ಹೆಣ್ಣುಕೂಸಿನ ಬಣ್ಣವಾದ್ದರಿಂದ, ತನಗೆ ಹೆಣ್ಣುಮಗು ಹುಟ್ಟಿದ ಸುದ್ದಿಯಿದೆಂದು ತಿಳಿದು, ಪಂದ್ಯವನ್ನು ಬಿಟ್ಟು ಬಂದು ಮೆಕ್ಯಾನಿಕ್ಕುಗಳನ್ನೆಲ್ಲ ತಬ್ಬಿಕೊಂಡನು. ಹುಟ್ಟಿದ್ದು ಮರುವಾರ, ಗಂಡು.

ಪಂದ್ಯದ ದಿನವೇ ಸಂಜೆ ನಡೆದ ವಿಚಾರಣೆಯಲ್ಲಿ ಪಿರೊತ್ ಬಾವುಟವನ್ನು ಬೆಳಕಿಗೆ ಹಿಡಿದು ನೋಡಿದರು.

“ಬಿಳೀದು ತೋರ್ಸಿದ್ರೆ ಇಷ್ಟು ವರ್ಷದಲ್ಲಿ ಯಾರಾದ್ರೂ ನಿಧಾನ ಮಾಡಿದ್ರಾ?”

“ಅರ್ಧ ಜನ, ಮೇಡಂ. ಮನಸ್ಸಿದ್ರೆ.”

“ಇವತ್ತು ಎಲ್ರೂ ಮಾಡಿದ್ರು. ತಿರುವು ನಿಮ್ದೇ ಇರ್ಲಿ. ಆದ್ರೆ ನಿಮ್ಮ ಮನೇಲಿ ಬಾವುಟ ಒಗೆಯೋದು ಇವತ್ತಿಗೆ ಮುಗೀತು. ನಾನೇ ಒಗೀತೀನಿ.”

ಮರುವರ್ಷ ಏಪ್ರಿಲಿನಲ್ಲಿ ಪಿರೊತ್ ಬಾವುಟಗಳ ಗಂಟನ್ನು ತಂದು ಅವನ ಕೈಗಿಟ್ಟು, ಮುಖ ಬೇರೆಡೆಗೆ ತಿರುಗಿಸಿದರು. ಬಿಳಿಯದು ತಿಳಿನೀಲಿಯಾಗಿತ್ತು. ಒಕ್ತಾವನು ಅದನ್ನು ಭಕ್ತಿಯಿಂದ ಮಡಿಸಿ ಕಂಕುಳಲ್ಲಿಟ್ಟುಕೊಂಡನು.

“ಹಾಲೆಂಡಿಂದ ಬಿಳೀನೇ ಕಾಣ್ಸತ್ತೆ ಮೇಡಂ,” ಎಂದು ಹೇಳಿ ತನ್ನ ತಿರುವಿನತ್ತ ನಡೆದನು.