ನಿಂತ ಕಾರಿನ ಚಕ್ರ ಕೂಗಿದ್ದು

ದೆವ್ವ, ಶಕುನ, ಮೈಮೇಲೆ ಬರುವುದು ಯಾವುದನ್ನೂ ನಾನು ನಂಬಿದವನಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು, ಹಾಗಾಗಿ ಇದು ಓದಿನಿಂದ ಬಂದ ಧೈರ್ಯವಲ್ಲ, ಸ್ವಭಾವವೇ ಹಾಗೆ. ಇಂಥ ಕಥೆ ಹೇಳುವವರ ಎದುರಿಗೇ ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು. ನಗಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ತುರುವೇಕೆರೆ ಕಡೆಯ ನಮ್ಮ ಊರಿನಲ್ಲಿ ಅಣ್ಣನೂ ನಾನೂ ಒಂದೇ ಮನೆಯಲ್ಲಿದ್ದೇವೆ. ಅವನ ಹಳೆಯ ಕಾರಿನ ಮುಂದಿನ ಎಡ ಚಕ್ರ ಕೆಲವು ದಿನಗಳಿಂದ ಕಿರ್ ಕಿರ್ ಎನ್ನುತ್ತಿತ್ತು. ಅತ್ತಿಗೆಯನ್ನೂ ಮಗಳನ್ನೂ ಕರೆದುಕೊಂಡು ದಂಡಿನಶಿವರದ ನೆಂಟರ ಮನೆಗೆ ಬಸ್ಸಿನಲ್ಲಿ ಹೊರಟ ಅಣ್ಣ, ಕಾರನ್ನು ತಿಪಟೂರಿನ ಗ್ಯಾರೇಜಿಗೆ ತೋರಿಸಿಕೊಂಡು ಬಾ ಎಂದು ನನಗೆ ಹೇಳಿದ. ಮರುದಿನ ಅವರು ಅದರಲ್ಲೇ ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗುವವರಿದ್ದರು.

ನಾನು ಗ್ಯಾರೇಜಿಗೆ ಹೋಗಲಿಲ್ಲ. ಸೋಮಾರಿತನ, ಜೊತೆಗೆ ಎಲ್ಲ ನನಗೇ ಗೊತ್ತೆಂಬ ಜಂಬ. ಜಾಕಿ ಕೊಟ್ಟು ಚಕ್ರ ಬಿಚ್ಚಿದೆ. ಸದ್ದು ಬ್ರೇಕಿನ ತಟ್ಟೆಯಿಂದ ಬರುತ್ತಿತ್ತು. ನಮ್ಮ ಕಡೆ ಬಾಗಿಲು ಕಿರುಗುಟ್ಟಿದರೂ, ಕತ್ತರಿ ಬಿಗಿಯಾದರೂ, ಹಿಮ್ಮಡಿ ಒಡೆದರೂ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ತಟ್ಟೆಗೂ ಅದನ್ನು ಹಿಡಿಯುವ ಪ್ಯಾಡಿಗೂ ಧಾರಾಳವಾಗಿ ಎಣ್ಣೆ ಬಿಟ್ಟೆ. ಕೈಯಿಂದ ತಿರುಗಿಸಿ ನೋಡಿದರೆ ಸದ್ದು ನಿಂತಿತ್ತು. ಚಕ್ರ ಮತ್ತೆ ಹಾಕಿದೆ. ಸಂಜೆ ಅಣ್ಣ ಬಂದಾಗ ಗ್ಯಾರೇಜಿನವರು ಸರಿ ಮಾಡಿದರು ಎಂದೆ.

ಆಮೇಲೆ ಟೀ ಅಂಗಡಿಯಲ್ಲಿ ಇದನ್ನೇ ಹೆಮ್ಮೆಯಿಂದ ಹೇಳಿದರೆ ಲಾರಿ ಓಡಿಸುವ ಗೆಳೆಯ ಬೈದ. “ಎಣ್ಣೆ ಕುಡ್ದಿರೋ ಬ್ರೇಕು ಹಿಡೀತದೇನ್ಲಾ? ಕೆರೆ ಏರಿ ಇಳಿಯೋವಾಗ ಮೂರು ಜನಾನೂ ನೀರಿಗೆ ಹಾಕ್ತೀಯ. ಈಗ್ಲೇ ಹೋಗಿ ಹೇಳು.”

ಹೇಳಲಿಲ್ಲ. ಸುಳ್ಳು ಹೇಳಿದ್ದೆನಲ್ಲ, ಬಾಯಿ ಬರಲಿಲ್ಲ. ಬೆಳಿಗ್ಗೆ ಹೇಳೋಣವೆಂದುಕೊಂಡೆ. ಬೆಳಿಗ್ಗೆಯೂ ಹೇಳಲಿಲ್ಲ.

ಒಳ್ಳೆಯ ಬಿಸಿಲು. ಮೂವರೂ ಕಾರಿನಲ್ಲಿ ಕೂತರು. ಅಣ್ಣ ಇನ್ನೂ ಕೀ ತಿರುಗಿಸಿರಲಿಲ್ಲ. ಅಂಗಳದಲ್ಲಿ ಅಲುಗಾಡದೆ ನಿಂತಿದ್ದ ಕಾರಿನ ಎಡ ಚಕ್ರ ಕಿರ್ರೆಂದಿತು.

“ಏನ್ಲಾ, ನಿನ್ ಗ್ಯಾರೇಜ್ನೋನು ಒಳಗಡೆ ಕೋಳಿಮರಿ ಬಿಟ್ಟವ್ನಾ?” ಎಂದು ಅಣ್ಣ ನಕ್ಕ.

“ಇಲಿ ಇರ್ಬೇಕು, ಬುಡು ಅಣ್ಣ” ಎಂದೆ. ಆಗಲೂ ಅಷ್ಟೇ ಹೇಳಿದೆ.

“ಹೊತ್ತಾಯ್ತು ಕಣ್ರೀ, ಹೊರಡಿ” ಎಂದರು ಅತ್ತಿಗೆ. ಅವರ ಮಾತು ಮುಗಿಯುವುದರೊಳಗೆ ಮತ್ತೆ ಅದೇ ಸದ್ದು. ಈ ಸಲ ಉದ್ದಕ್ಕೆ, ಓಡುವ ಕಾರನ್ನು ಯಾರೋ ತಡೆದು ನಿಲ್ಲಿಸಿದ ಹಾಗೆ. ಹಿಂದೆ ಕೂತಿದ್ದ ಮಗು, “ಚಿಕ್ಕಪ್ಪ, ಚಕ್ರ ಯಾಕೆ ಅಳ್ತೈತೆ?” ಎಂದು ನನ್ನನ್ನೇ ಕೇಳಿತು.

ಅಣ್ಣನ ನಗು ನಿಂತಿತು. “ಎಲ್ರೂ ಇಳೀರಿ. ಲೋ, ಚಕ್ರ ಬಿಚ್ಚು, ನನ್ನ ಎದುರಿಗೆ.”

ಬಿಚ್ಚಿದೆ. ಅಣ್ಣ ತಟ್ಟೆಗೆ ಬೆರಳು ಹಚ್ಚಿ ಮೂಸಿ ನೋಡಿದ. “ಯಾವ ಗ್ಯಾರೇಜ್ನಾಗ್ಲಾ ಬ್ರೇಕಿಗೆ ಕೊಬ್ರಿ ಎಣ್ಣೆ ಬಿಡೋದು?” ಎಂದ. ಹೊಡೆಯಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದ.

ಪ್ಯಾಡು ಬದಲಿಸಲು ಬಂದ ಮೆಕ್ಯಾನಿಕ್, ನಿಂತ ಚಕ್ರ ಸದ್ದು ಮಾಡುವುದಿಲ್ಲ ಎಂದ. ನಾನು ಸೀಟು ಕುಕ್ಕಿ ನೋಡಿದೆ, ಬಾಗಿಲು ತೆಗೆದು ಹಾಕಿದೆ, ಕಾರನ್ನೇ ಅಲುಗಾಡಿಸಿದೆ. ಆ ಸದ್ದು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಬಿಸಿಲಿಗೆ ಕಬ್ಬಿಣ ಹಿಗ್ಗಿರಬೇಕು ಎನ್ನುತ್ತಾರೆ. ತಪ್ಪು ಮಾಡಿದ ಮನಸ್ಸಿಗೆ ಹಾಗೆ ಕೇಳಿಸಿತು ಎನ್ನುತ್ತಾರೆ. ತಪ್ಪು ಮಾಡಿದವನು ನಾನು. ಅಣ್ಣ, ಅತ್ತಿಗೆ, ಮಗು ಏನು ತಪ್ಪು ಮಾಡಿದ್ದರು, ಅವರಿಗೂ ಕೇಳಿಸುವುದಕ್ಕೆ? ಅದು ಏನೆಂದು ನನಗೆ ಗೊತ್ತಿಲ್ಲ. ಆದರೆ ಸದ್ದೇ ಆಗಲಿಲ್ಲ ಎಂದು ಮಾತ್ರ ಯಾರೂ ನನ್ನಿಂದ ಹೇಳಿಸಲಾರರು. ಆ ಅಂಗಳದಲ್ಲಿ ಎಣ್ಣೆಯ ವಿಷಯ ಗೊತ್ತಿದ್ದವನು ನಾನೊಬ್ಬನೇ. ಸದ್ದಾಗಲಿಲ್ಲ ಎಂದು ಒಪ್ಪಿಕೊಂಡರೆ, ಆ ಮೂವರನ್ನು ಕಾರಿನಿಂದ ಇಳಿಸಿದವನು ನಾನು ಎಂದಾಗುತ್ತದೆ. ನಾನು ಇಳಿಸಲಿಲ್ಲ.